ಮುಗ್ಧ, ನಿಷ್ಠ, ಮೂಢ: ಭಕ್ತಿಗೆ ಅಂಟಿದ ವಿಶೇಷಣಗಳು

1

ಜಯನಗರದ ಕಾಲೇಜೊಂದರಲ್ಲಿ ಬಿ.ಎ. ಮಕ್ಕಳಿಗೆ ಹರಿಹರನ ರಗಳೆಗಳ ಪಾಠ ಮಾಡುತ್ತಿದ್ದೆ. ಬೇಡರ ಕಣ್ಣಪ್ಪನ ಕತೆ. ಬಾಯಲ್ಲಿ ನೀರು ತುಂಬಿಕೊಂಡು ಬಂದು ಲಿಂಗಕ್ಕೆ ಎರೆಯುವವನು, ತಾನು ರುಚಿ ನೋಡಿದ ಮಾಂಸವನ್ನೇ ದೇವರಿಗೆ ಎಡೆಯಿಡುವವನು, ಶಿವನ ಕಣ್ಣಲ್ಲಿ ನೆತ್ತರು ಕಂಡಾಗ ತನ್ನ ಕಣ್ಣನ್ನೇ ಕಿತ್ತು ಅಂಟಿಸುವವನು. ಇನ್ನೊಂದು ಕಣ್ಣಲ್ಲೂ ನೆತ್ತರು ಬಂದಾಗ ತನ್ನ ಎರಡನೇ ಕಣ್ಣಿಗೂ ಕೈಹಾಕುತ್ತಾನೆ. ಅದನ್ನೂ ಕಿತ್ತರೆ ಶಿವನ ಕಣ್ಣು ಎಲ್ಲಿದೆ ಅಂತ ಕಾಣುವುದಿಲ್ಲವಲ್ಲ, ಅದಕ್ಕೆ ಗುರುತಿಗೆ ತನ್ನ ಕಾಲನ್ನು ದೇವರ ಕಣ್ಣ ಮೇಲೆ ಊರುತ್ತಾನೆ. ಇಷ್ಟನ್ನೂ ಹೇಳಿ, ನಾನು ಓದುವಾಗ ನನ್ನ ಮೇಷ್ಟ್ರು ಹೇಳಿದ್ದನ್ನೇ ನಾನೂ ಒಪ್ಪಿಸಿದೆ: 'ಇದು ಮುಗ್ಧಭಕ್ತಿಗೆ ಉದಾಹರಣೆ. ಇದಕ್ಕೆ ಇನ್ನೊಂದು ಉದಾಹರಣೆ ಕೋಳೂರ ಕೊಡಗೂಸು.'

ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದ. 'ಮೇಡಂ, ಅವನು ಮುಗ್ಧ ಹೆಂಗಾಗ್ತಾನೆ? ಎರಡನೇ ಕಣ್ಣು ಕಿತ್ರೆ ಕಾಣ್ಸಲ್ಲ ಅಂತ ಗೊತ್ತಿತ್ತು ತಾನೆ? ಗುರುತಿಗೆ ಕಾಲಿಟ್ಟವ್ನೆ. ಅಷ್ಟು ಲೆಕ್ಕ ಹಾಕ್ದೋನು ಮುಗ್ಧನಾ?'

ತರಗತಿ ನಕ್ಕಿತು. ನಾನೂ ನಕ್ಕು, 'ಒಳ್ಳೇ ಪ್ರಶ್ನೆ, ಕೂತ್ಕೋ' ಅಂದೆ. ಉತ್ತರ ಗೊತ್ತಿಲ್ಲದ ಮೇಷ್ಟ್ರುಗಳೆಲ್ಲ ಹೇಳುವ ಮಾತು ಅದು. ಈ ಬರಹ ಆ ಹುಡುಗನಿಗೆ ನಾನು ಬಾಕಿ ಉಳಿಸಿಕೊಂಡ ಉತ್ತರ.

ಕೊಡಗೂಸು ಒಂದು ಮಗು. ಅಪ್ಪ ಊರಿಗೆ ಹೋಗುವಾಗ ದೇವರಿಗೆ ಹಾಲು ಕುಡಿಸು ಅಂತ ಹೇಳಿ ಹೋಗಿದ್ದಾನೆ. ದೇವರು ನಿಜವಾಗಿ ಕುಡಿಯುತ್ತಾನೆ ಅಂತ ಅದು ನಂಬಿದೆ. ಕುಡಿಯದಿದ್ದಾಗ ಅಳುತ್ತದೆ, ತಲೆ ಚಚ್ಚಿಕೊಳ್ಳುತ್ತೇನೆ ಅನ್ನುತ್ತದೆ, ಶಿವ ಹೆದರಿ ಕುಡಿಯುತ್ತಾನೆ. ಇಲ್ಲಿ ಮುಗ್ಧತೆ ಅನ್ನುವ ಮಾತಿಗೆ ಅರ್ಥವಿದೆ. ಆದರೆ ಕಣ್ಣಪ್ಪ ಮಗುವಲ್ಲ. ಕಾಡು ಬಲ್ಲವನು, ಬೇಟೆ ಬಲ್ಲವನು, ಬಿಲ್ಲು ಹಿಡಿಯುವ ಗಂಡಸು. ಯಾವ ಮಾಂಸ ಎಳೆಯದು, ಯಾವುದು ಬಲಿತದ್ದು ಅಂತ ನಾಲಗೆಯಲ್ಲಿ ತಿಳಿದು, ಒಳ್ಳೆಯದನ್ನು ಆರಿಸಿ ಕೊಟ್ಟವನು. ಈ ಇಬ್ಬರನ್ನೂ ಒಂದೇ ವಿಶೇಷಣದ ಕೆಳಗೆ ನಿಲ್ಲಿಸಿದಾಗ ನಮ್ಮ ವಿಮರ್ಶೆ ಏನು ಹೇಳಿದ ಹಾಗಾಯಿತು? ಬೇಡನಾದವನು ಎಷ್ಟು ಬೆಳೆದರೂ ಮಗುವೇ, ಅವನಿಗೆ ಹೃದಯವಿರಬಹುದು, ಬುದ್ಧಿಯಿಲ್ಲ ಎಂದಲ್ಲವೇ? ಹರಿಹರ ಹೀಗೆ ಹೇಳಿದನೆಂದು ನಾನು ಹೇಳುತ್ತಿಲ್ಲ. ಹರಿಹರನನ್ನು ನಮಗೆ ಓದಿಸಿದ ಪಾಠಗಳು, ಟಿಪ್ಪಣಿಗಳು, ಗೈಡುಗಳು ಹೇಳಿದ್ದು ಇದನ್ನೇ.

2

ಪದಗಳ ಹುಟ್ಟನ್ನು ಕೆದಕುವುದು ಪಂಡಿತರ ಚಟ ಅಂತ ನಮ್ಮಲ್ಲೊಂದು ತಾತ್ಸಾರವಿದೆ. ಆದರೂ ಇಲ್ಲಿ ಕೆದಕಲೇಬೇಕು. ಮುಗ್ಧ ಮತ್ತು ಮೂಢ ಇವೆರಡೂ ಸಂಸ್ಕೃತದ 'ಮುಹ್' ಅನ್ನುವ ಒಂದೇ ಧಾತುವಿನಿಂದ ಬಂದ ರೂಪಗಳು. ಮೋಹವೂ ಅಲ್ಲಿಯದೇ. ಬುದ್ಧಿ ಮಂಕಾಗುವುದು, ದಿಕ್ಕು ತಪ್ಪುವುದು ಇದರ ಮೂಲಾರ್ಥ. ಒಂದೇ ತಾಯಿಯ ಈ ಇಬ್ಬರು ಮಕ್ಕಳಲ್ಲಿ ಒಬ್ಬನನ್ನು ನಾವು ಎತ್ತಿ ಮುದ್ದಾಡುತ್ತೇವೆ, ಇನ್ನೊಬ್ಬನನ್ನು ಬಯ್ಯುತ್ತೇವೆ. ಆದರೆ ಇಬ್ಬರಿಗೂ ಬುದ್ಧಿಯಿಲ್ಲ ಅನ್ನುವುದರಲ್ಲಿ ನಮಗೆ ಅನುಮಾನವಿಲ್ಲ. ಪುಸ್ತಕದೊಳಗಿನ ಬೇಡ ಮುಗ್ಧನಾದ. ಪುಸ್ತಕದ ಹೊರಗೆ, ಜಾತ್ರೆಯಲ್ಲಿ ಎದುರಾಗುವ ಅವನ ಮೊಮ್ಮಕ್ಕಳು ಮೂಢರಾದರು. ಸತ್ತವನಿಗೆ ಮುದ್ದು, ಬದುಕಿದವನಿಗೆ ಬೈಗುಳ.

ಇನ್ನು ಭಕ್ತಿ. ಇದರ ಧಾತು 'ಭಜ್', ಅಂದರೆ ಹಂಚಿಕೊಳ್ಳುವುದು, ಪಾಲು ಪಡೆಯುವುದು. ಭಾಗ, ವಿಭಾಗ, ಭಾಗಿ ಎಲ್ಲವೂ ಈ ಬಳಗದವೇ. ಭಕ್ತ ಅಂದರೆ ಪಾಲುದಾರ. ಈ ಅರ್ಥವನ್ನು ಕೈಯಲ್ಲಿಟ್ಟುಕೊಂಡು ನಮ್ಮ ಗುಡಿಗಳ ಮುಂದೆ ನಿಂತರೆ ಕೇಳಬೇಕಾದ ಪ್ರಶ್ನೆ ತಾನಾಗಿ ಹುಟ್ಟುತ್ತದೆ: ಪಾಲು ಯಾರಿಗೆ ಸಿಕ್ಕಿತು?

ಇಂಗ್ಲಿಷಿನ ಫ್ಯಾನಟಿಕ್ ಪದದ ಕತೆಯೂ ಇಲ್ಲಿ ಕೆಲಸಕ್ಕೆ ಬರುತ್ತದೆ. ಲ್ಯಾಟಿನ್ನಿನಲ್ಲಿ 'ಫೇನಂ' ಅಂದರೆ ಗುಡಿ. ಗುಡಿಯ ದೇವರು ಮೈಮೇಲೆ ಬಂದವನು ಫ್ಯಾನಟಿಕ್. ಸಿನಿಮಾ ನಟರಿಗೆ ಕಟೌಟು ಕಟ್ಟುವ ಫ್ಯಾನು ಇದೇ ಪದದ ತುಂಡು ಅಂತ ಹೇಳುತ್ತಾರೆ. ಅದೇ ಗುಡಿಯಿಂದ ಹುಟ್ಟಿದ ಇನ್ನೊಂದು ಪದ ಪ್ರೊಫೇನ್: ಗುಡಿಯ ಮುಂದೆ, ಅಂದರೆ ಗುಡಿಯ ಹೊರಗೆ ಉಳಿದದ್ದು. ಅದಕ್ಕೆ ಆಮೇಲೆ ಬಂದ ಅರ್ಥ ಅಪವಿತ್ರ. ರೋಮಿನವರ ಪದಕೋಶದಲ್ಲಿ ಒಳಗಿನವನಿಗೊಂದು ಹೆಸರು, ಹೊರಗಿನವನಿಗೊಂದು ಹೆಸರು. ನಮ್ಮ ಸಂಕಟ ಇದಕ್ಕಿಂತ ವಿಚಿತ್ರ. ನಮ್ಮವರನ್ನು ಗುಡಿಯ ಹೊರಗೆ ನಿಲ್ಲಿಸಿ ಅಪವಿತ್ರ ಅಂದರು. ಆ ಹೊರಗೇ ನಿಂತು ಕೈಮುಗಿದಾಗ ಅತಿಭಕ್ತಿ ಅಂದರು. ಎರಡೂ ಬಿರುದು ಒಬ್ಬನಿಗೇ ಕೊಟ್ಟ ನಾಡು ಇದು.

3

ಮುಗ್ಧ ಮತ್ತು ಮೂಢದ ನಡುವೆ ಇನ್ನೊಂದು ವಿಶೇಷಣ ಇದೆ. ಅದು ನಿಷ್ಠೆ. ವೀರನಿಷ್ಠೆ, ಉಗ್ರನಿಷ್ಠೆ ಅಂತಲೂ ಕರೆಯುತ್ತಾರೆ. ಇದು ಯಾರಿಗೆ ಸಿಗುತ್ತದೆ?

ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ ಸುಮಾರು 1200ರ ಶಾಸನವೊಂದಿದೆ. ಅದರಲ್ಲಿ ಏಕಾಂತದ ರಾಮಯ್ಯನ ಕತೆ ಬರುತ್ತದೆ. ಆಳಂದೆಯ ಬ್ರಾಹ್ಮಣ ದಂಪತಿಗಳ ಮಗ. ಶಿವನೇ ದೊಡ್ಡವನೆಂದು ಜೈನರೊಡನೆ ಪಂಥ ಕಟ್ಟಿ, ತನ್ನ ತಲೆಯನ್ನೇ ಕಡಿದು ಶಿವನಿಗೊಪ್ಪಿಸಿ, ಏಳು ದಿನದ ಮೇಲೆ ಮತ್ತೆ ಪಡೆದನಂತೆ. ಪಂಥದ ಮಾತಿಗೆ ಜೈನರು ತಪ್ಪಿದರೆಂದು ಅವರ ಜಿನಬಿಂಬವನ್ನು ಒಡೆದ. ದೂರು ಬಿಜ್ಜಳನ ಬಳಿ ಹೋಯಿತು. ಕೊನೆಗೆ ರಾಮಯ್ಯನಿಗೇ ಜಯಪತ್ರ ಸಿಕ್ಕಿತು. ಹರಿಹರ ಈತನ ಮೇಲೂ ರಗಳೆ ಬರೆದಿದ್ದಾನೆ. ಅಬ್ಬಲೂರಿನ ಗುಡಿಯಲ್ಲಿ ಈ ಕತೆಯ ಶಿಲ್ಪಗಳೂ ಇವೆ.

ಕಣ್ಣಪ್ಪನನ್ನೂ ರಾಮಯ್ಯನನ್ನೂ ಪಕ್ಕಪಕ್ಕದಲ್ಲಿ ನಿಲ್ಲಿಸಿ. ಇಬ್ಬರೂ ಮೈಯನ್ನು ಕಡಿದುಕೊಂಡವರು. ಕಣ್ಣಪ್ಪ ಯಾರ ದೇವರನ್ನೂ ಒಡೆಯಲಿಲ್ಲ, ಯಾರ ಗುಡಿಯನ್ನೂ ಕೇಳಲಿಲ್ಲ, ಪಂಥ ಕಟ್ಟಲಿಲ್ಲ. ಅವನ ಭಕ್ತಿಯಿಂದ ತೊಂದರೆಯಾದದ್ದು ಗುಡಿಯ ಪೂಜಾರಿಯ ಮಡಿಗೆ ಮಾತ್ರ. ರಾಮಯ್ಯ ಒಡೆದ, ಗೆದ್ದ, ರಾಜನಿಂದ ಪತ್ರ ಪಡೆದ. ಆದರೆ ರಾಮಯ್ಯನ ಹೆಸರಿನ ಜೊತೆ ನಮಗೆ ನೆನಪಾಗುವುದು ನಿಷ್ಠೆ, ಛಲ, ವೀರವ್ರತ. ಬುದ್ಧಿ ಇದ್ದೂ ಆಯ್ದುಕೊಂಡದ್ದು ನಿಷ್ಠೆ. ಬುದ್ಧಿ ಇಲ್ಲದೆ ಬಂದದ್ದು ಮುಗ್ಧತೆ. ಹೀಗೊಂದು ತಕ್ಕಡಿ ನಮ್ಮ ಓದಿನ ಕ್ರಮದೊಳಗೇ ಕೂತುಬಿಟ್ಟಿದೆ. ಮಗ ಚೀಲಾಳನನ್ನು ಅಡಿಗೆ ಮಾಡಿ ಜಂಗಮನಿಗೆ ಬಡಿಸಿದ ಸಿರಿಯಾಳನನ್ನೂ ಯಾರೂ ಮುಗ್ಧ ಅನ್ನುವುದಿಲ್ಲ. ಅವನು ಸೆಟ್ಟಿ. ಸೆಟ್ಟಿಗೆ ಲೆಕ್ಕ ಗೊತ್ತಿರುತ್ತದೆ. ಲೆಕ್ಕ ಗೊತ್ತಿದ್ದೂ ಮಗನನ್ನು ಕೊಟ್ಟ, ಅದಕ್ಕೆ ಅದು ನಿಷ್ಠೆ! ಗುರುತಿಗೆ ಕಾಲೂರಿದ ಬೇಡನ ಲೆಕ್ಕ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

ಜನರಿಗೆ ಕಣ್ಣಪ್ಪ ತಲುಪಿದ್ದು ರಗಳೆಯಿಂದಲ್ಲ, ಸಿನಿಮಾದಿಂದ. 1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ 'ಬೇಡರ ಕಣ್ಣಪ್ಪ'ದಲ್ಲಿ ಮುತ್ತುರಾಜ್ ಎಂಬ ನಾಟಕದ ಹುಡುಗ ರಾಜ್‌ಕುಮಾರ್ ಆದರು. ಅದರಲ್ಲಿ ಪುರೋಹಿತನ ಕುಟಿಲವನ್ನು ಬಯಲು ಮಾಡುವ ಧೈರ್ಯವಿದೆ, ಅದನ್ನು ಒಪ್ಪಬೇಕು. ಆದರೆ ಅಲ್ಲಿಯೂ ಕಣ್ಣಪ್ಪ ಮತ್ತು ನೀಲ ಮೇಲಿನ ಲೋಕದಿಂದ ಇಳಿದುಬಂದವರು, ಬೇಡರ ಹಟ್ಟಿಯಲ್ಲಿ ಹುಟ್ಟಿದವರು. ಹಟ್ಟಿಯಲ್ಲಿ ಹುಟ್ಟಿದ್ದರಿಂದಲೇ ಇಂಥ ಭಕ್ತಿ ಬಂತು ಅನ್ನಲು ಕತೆಗಾರರ ಮನಸ್ಸು ಒಪ್ಪಲಿಲ್ಲ. ಅದಕ್ಕೊಂದು ಹಿಂದಿನ ಜನ್ಮದ ಜಾತಿ ಪ್ರಮಾಣಪತ್ರ ಬೇಕಾಯಿತು.

ಎಂಜಲಿನ ಮಾತೂ ಇಲ್ಲಿಯೇ ಬರಬೇಕು. ಕಣ್ಣಪ್ಪನ ಕತೆಯ ನಿಜವಾದ ಸ್ಫೋಟ ಕಣ್ಣಲ್ಲಿಲ್ಲ, ಬಾಯಲ್ಲಿದೆ. ಬೇಡನ ಎಂಜಲನ್ನು ದೇವರು ಉಂಡ. ಎಂಜಲು ಕೆಳಗಿನಿಂದ ಮೇಲಕ್ಕೆ ಹೋಯಿತು. ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ಹೊತ್ತಿಗೆ ನಡೆಯುತ್ತಿದ್ದ ಮಡೆಸ್ನಾನದಲ್ಲಿ ಬ್ರಾಹ್ಮಣರು ಉಂಡೆದ್ದ ಎಲೆಗಳ ಮೇಲೆ ಉಳಿದವರು ಉರುಳುತ್ತಿದ್ದರು. ಅಲ್ಲಿ ಎಂಜಲು ಮೇಲಿನಿಂದ ಕೆಳಕ್ಕೆ ಬಂತು. ಒಂದು ಎಂಜಲು ಜಾತಿಯನ್ನು ಮುರಿಯಿತು, ಇನ್ನೊಂದು ಜಾತಿಗೆ ಬೆನ್ನು ಕೊಟ್ಟಿತು. ಎರಡನ್ನೂ 'ಭಕ್ತಿಯ ಪರಾಕಾಷ್ಠೆ' ಅಂತ ಒಂದೇ ಮಾತಿನಲ್ಲಿ ಮುಗಿಸುವ ವಿಮರ್ಶೆ ನಮಗೆ ಬೇಡ. ಭಕ್ತಿಯ ತೀವ್ರತೆಯನ್ನು ಅಳೆಯುವುದಕ್ಕೂ ಅದರ ದಿಕ್ಕನ್ನು ಕೇಳುವುದಕ್ಕೂ ಬಹಳ ವ್ಯತ್ಯಾಸವಿದೆ.

4

ನಮ್ಮವರ ಕತೆಯನ್ನೇ ತೆಗೆದುಕೊಳ್ಳೋಣ. ಕಲ್ಯಾಣದ ಹರಳಯ್ಯ. ಬಸವಣ್ಣನಿಗೆ ಎದುರಾಗಿ 'ಶರಣು' ಅಂದ. ಬಸವಣ್ಣ ತಿರುಗಿ 'ಶರಣು ಶರಣಾರ್ಥಿ' ಅಂದ. ತಾನು ಕೊಟ್ಟದ್ದು ಒಂದು, ಬಂದದ್ದು ಒಂದಕ್ಕಿಂತ ಹೆಚ್ಚು. ಈ ಹೆಚ್ಚಿನದರ ಭಾರ ಹರಳಯ್ಯನಿಗೆ ಹೊರಲಾಗಲಿಲ್ಲ. ಗಂಡಹೆಂಡತಿ ಇಬ್ಬರೂ ತಮ್ಮ ತೊಡೆಯ ಚರ್ಮ ಸುಲಿದು ಚಮ್ಮಾಳಿಗೆ ಮಾಡಿ ತಂದರು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡು ಹಿಂದಿರುಗಿಸಿದ ಅನ್ನುತ್ತದೆ ಪರಂಪರೆ.

ನಮ್ಮ ಕೇರಿಯ ಭಜನೆ ಮನೆಯಲ್ಲಿ ಈ ಕತೆ ಕೇಳಿ ದೊಡ್ಡವಳಾದವಳು ನಾನು. ಕೇಳುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಈಗ ಪಾಠ ಹೇಳುವಾಗ ಬೇರೆ ಏನೋ ಬರುತ್ತದೆ. ಒಂದು ನಮಸ್ಕಾರ ಯಾಕೆ ಇಷ್ಟು ದುಬಾರಿಯಾಯಿತು? ಎದುರಿಗೆ ಸಿಕ್ಕವರಿಗೆ ತಿರುಗಿ ನಮಸ್ಕಾರ ಹೇಳುವುದು ಮನುಷ್ಯರ ನಡುವಿನ ಸಾಧಾರಣ ನಡೆ. ಹರಳಯ್ಯನ ಜನ್ಮದಲ್ಲಿ ಅದು ಸಾಧಾರಣವಾಗಿರಲಿಲ್ಲ. ತಲೆತಲಾಂತರದಿಂದ ಯಾರೂ ತಿರುಗಿ ನಮಸ್ಕಾರ ಹೇಳದ ಮನುಷ್ಯನಿಗೆ ಮೊದಲ ಸಲ ಯಾರೋ ಹೇಳಿದರು. ಅವನಿಗೆ ಅದು ಸಾಲದ ಹಾಗೆ ಕಂಡಿತು. ತೀರಿಸಲು ಅವನಲ್ಲಿ ಚರ್ಮವಲ್ಲದೆ ಬೇರೆ ಆಸ್ತಿ ಇರಲಿಲ್ಲ. ಇದನ್ನು ಭಕ್ತಿಯ ಪರಾಕಾಷ್ಠೆ ಅನ್ನುವವರು ಹರಳಯ್ಯನ ತೊಡೆಯನ್ನು ನೋಡುತ್ತಾರೆ. ನಾನು ನೋಡಬೇಕೆಂದುಕೊಳ್ಳುವುದು ಅವನನ್ನು ಇಷ್ಟು ಸಾಲಗಾರನನ್ನಾಗಿ ಮಾಡಿದ ಊರನ್ನು. ಬಸವಣ್ಣ ಮೆಟ್ಟದೆ ಹಿಂದಿರುಗಿಸಿದ್ದರಲ್ಲಿ ಈ ಸಾಲ ನಿನ್ನದಲ್ಲ ಅನ್ನುವ ಮಾತಿದೆ ಅಂತ ನನ್ನ ಗ್ರಹಿಕೆ. ಆಮೇಲೆ ಮಧುವರಸನ ಮಗಳನ್ನು ಹರಳಯ್ಯನ ಮಗನಿಗೆ ತಂದಾಗ, ಅಂದರೆ ಭಕ್ತಿ ನಿಜವಾಗಿ ಪಾಲು ಕೇಳಿದಾಗ, ಕಲ್ಯಾಣ ಆನೆಯ ಕಾಲಿಗೆ ಕಟ್ಟಿ ಎಳೆಸಿತು. ಚರ್ಮ ಕೊಟ್ಟಾಗ ಹೊಗಳಿದ ಲೋಕ ಹೆಣ್ಣು ತಂದಾಗ ಕೊಂದಿತು.

ಸಾಲದ ಈ ತರ್ಕ ನಮ್ಮ ಹಳೆಯ ಕಾವ್ಯ, ಶಾಸನಗಳ ತುಂಬ ಇದೆ. ಉಂಡ ಅನ್ನದ ಋಣಕ್ಕೆ ಜೀವ ಕೊಡುವುದಕ್ಕೆ 'ಜೋಳವಾಳಿ' ಅಂತ ಹೆಸರು. ಒಡೆಯ ಸತ್ತರೆ ತಾನೂ ಸಾಯುತ್ತೇನೆಂದು ಮಾತು ಕೊಡುವುದು 'ವೇಳೆವಾಳಿ'. ಹೊಯ್ಸಳ ವೀರಬಲ್ಲಾಳನೊಡನೆ ಪ್ರಾಣಬಿಟ್ಟ ಗರುಡ ಕುವರ ಲಕ್ಷ್ಮನ ಶಾಸನ ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಆವರಣದಲ್ಲಿದೆ. ದಂಡನಾಯಕ ಅನ್ನದ ಋಣಕ್ಕೆ ಸತ್ತರೆ ಕಂಬ ನಿಲ್ಲಿಸಿದರು. ಅದೇ ಅನ್ನದ ಋಣಕ್ಕೆ ಅಪ್ಪ ಮಗ ಮೊಮ್ಮಗ ಒಂದೇ ಹೊಲದಲ್ಲಿ ಸವೆದರೆ ಅದಕ್ಕೆ ಜೀತ ಅಂತ ಹೆಸರು. ಅದಕ್ಕೆ ಕಂಬ ಬರಲಿಲ್ಲ, 1976ರಲ್ಲಿ ಒಂದು ಕಾಯ್ದೆ ಬಂತು. ನಮ್ಮ ಮಟ್ಟಿಗೆ ಕಂಬಕ್ಕಿಂತ ಕಾಯ್ದೆಯೇ ದೊಡ್ಡದು.

5

ಈ ಪದಗಳೆಲ್ಲ ಒಂದೇ ಕಡೆ, ಒಂದೇ ದಿನ ಮುಖಾಮುಖಿಯಾದದ್ದು 1986ರ ಮಾರ್ಚಿನಲ್ಲಿ, ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ. ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಬೆಟ್ಟದ ರೇಣುಕಾಂಬೆಯ ಗುಡಿಗೆ ಹೋಗುವ ಹರಕೆ ಅಲ್ಲಿತ್ತು. ಹರಕೆ ಹೊತ್ತವರಲ್ಲಿ ಹೆಚ್ಚಿನವರು ದಲಿತ, ಹಿಂದುಳಿದ ಜಾತಿಗಳ ಹೆಂಗಸರು. ದಲಿತ ಸಂಘರ್ಷ ಸಮಿತಿಯವರು ಇದನ್ನು ತಡೆಯಲು ಹೋದರು. ಜನ ತಿರುಗಿಬಿದ್ದರು. ಕಾರ್ಯಕರ್ತರನ್ನೂ ಪೊಲೀಸರನ್ನೂ ಹೊಡೆದು ಬೆತ್ತಲೆ ಮಾಡಿದರು. ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ಆ ಬಳಿಕ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ಈ ಘಟನೆಯ ಹಿನ್ನೆಲೆಯಲ್ಲಿ ಯು.ಆರ್. ಅನಂತಮೂರ್ತಿ ಬರೆದ 'ಬೆತ್ತಲೆ ಪೂಜೆ ಯಾಕೆ ಕೂಡದು?' ಎಂಬ ಪ್ರಬಂಧ ಇಡೀ ದೇಶದಲ್ಲಿ ಚರ್ಚೆಯಾಯಿತು. ಅದನ್ನು ಬೆತ್ತಲೆ ಸೇವೆಯ ಪರವಾದ ವಾದ ಅಂತ ಓದುವುದು ಅನ್ಯಾಯ. ಆಧುನಿಕ ಲೇಖಕನೊಬ್ಬ ತನ್ನ ವಿಚಾರವಾದದ ಬಗ್ಗೆ ತಾನೇ ಪಟ್ಟ ಅನುಮಾನ ಅದು. ಕಲ್ಲಿಗೆ ಕುಂಕುಮ ಹಚ್ಚಿದರೆ ಅದೇ ದೇವರು ಅನ್ನುವ ರೈತನ ಲೋಕ ತನಗೆ ಇನ್ನು ದಕ್ಕುವುದಿಲ್ಲವಲ್ಲ ಅನ್ನುವ ನೋವು ಅದರಲ್ಲಿ ಪ್ರಾಮಾಣಿಕವಾಗಿದೆ. ನಮ್ಮ ಪೀಳಿಗೆಯವರು ಅದನ್ನು ಬಯ್ಯುವ ಮೊದಲು ಓದಬೇಕು.

ಓದಿದ ಮೇಲೆ ನನ್ನ ತಕರಾರು ಇಷ್ಟು. ಆ ಪ್ರಬಂಧದ ಲೋಕದಲ್ಲಿ ಎರಡೇ ದಡಗಳಿವೆ: ನಂಬುವವರದು, ಅನುಮಾನಿಸುವವರದು. ವರದಾ ನದಿಯ ದಡದಲ್ಲಿ ಅವತ್ತು ಇದ್ದದ್ದು ಬೇರೆ. ತಡೆಯಲು ಹೋದ ಹುಡುಗರು ಹೊರಗಿನ ವಿಚಾರವಾದಿಗಳಲ್ಲ. ಬೆತ್ತಲೆಯಾಗಿ ನಡೆಯುತ್ತಿದ್ದವರು ಅವರ ತಾಯಂದಿರು, ಅಕ್ಕಂದಿರು, ಇಲ್ಲವೇ ಅಂಥವರೇ. ಮಗನೊಬ್ಬ ತನ್ನ ತಾಯಿಯ ಮೈಮೇಲೆ ಬಟ್ಟೆ ಹೊದಿಸಲು ಓಡಿದ್ದನ್ನು ಆಧುನಿಕತೆ ಪರಂಪರೆಯ ಮೇಲೆ ಮಾಡಿದ ದಾಳಿ ಅಂತ ಹೇಗೆ ಓದುವುದು? ದಡದಲ್ಲಿ ಮೂರನೆಯವರೂ ಇದ್ದರು. ಹರಕೆ ಹೊರದೆ, ಬೆತ್ತಲಾಗದೆ, ಜಾತ್ರೆಯ ಲಾಭ ಎಣಿಸುತ್ತಾ, ನೋಡುತ್ತಾ ನಿಂತವರು. ನಂಬಿಕೆಯ ಕುರಿತ ಎಷ್ಟೇ ಸೂಕ್ಷ್ಮವಾದ ಚರ್ಚೆಯೂ ಈ ಮೂರನೆಯವರ ಕಡೆ ತಿರುಗದಿದ್ದರೆ ಅರ್ಧಕ್ಕೆ ನಿಲ್ಲುತ್ತದೆ. ಪೂಜೆ ಬೆತ್ತಲೆಯಾಗಿ ಯಾಕೆ ಕೂಡದು ಅನ್ನುವುದು ಒಂದು ಪ್ರಶ್ನೆ. ಬೆತ್ತಲೆಯಾಗುವ ಸರದಿ ಯಾವಾಗಲೂ ನಮ್ಮವರಿಗೇ ಯಾಕೆ ಬರುತ್ತದೆ ಅನ್ನುವುದು ಇನ್ನೊಂದು ಪ್ರಶ್ನೆ.

ಹಾಗಂತ ನಮ್ಮ ಕಡೆಯವರು ಬಳಸಿದ 'ಮೂಢಭಕ್ತಿ' ಅನ್ನುವ ಮಾತು ಸಾಕಾಯಿತೆ? ಇಲ್ಲ. ಇಲ್ಲಿ ಸಿದ್ಧಲಿಂಗಯ್ಯನವರನ್ನು ನೆನೆಯಬೇಕು. ದಲಿತ ಚಳವಳಿಯ ಹಾಡುಗಾರ ಅವರು, ಗ್ರಾಮದೇವತೆಗಳ ಮೇಲೆ ಪಿಎಚ್.ಡಿ. ಮಾಡಿದವರೂ ಅವರೇ. 'ಅವತಾರಗಳು' ಪುಸ್ತಕದಲ್ಲಿ ದೇವರು ಮೈಮೇಲೆ ಬಂದವರು, ದೇವರನ್ನೇ ಬಯ್ಯುವವರು, ದೇವರ ಜೊತೆ ಚೌಕಾಸಿ ಮಾಡುವವರು ಸಾಲಾಗಿ ಬರುತ್ತಾರೆ. ಅವರು ಆ ಜನರನ್ನು ನೋಡಿ ನಗಲಿಲ್ಲ, ಅವರ ಜೊತೆ ಕೂತು ನಕ್ಕರು. ಮೈಮೇಲೆ ಬಂದ ದೇವಿಯ ಹೆಸರಿನಲ್ಲಿ ಕೇರಿಯ ಹೆಂಗಸು ಊರಗೌಡನನ್ನು ಏಕವಚನದಲ್ಲಿ ಗದರಿಸಬಲ್ಲಳು. ಉಳಿದ 364 ದಿನ ಅವಳಿಗೆ ಆ ನಾಲಗೆ ಇಲ್ಲ. ಇದನ್ನು ಬರೀ ಮೂಢ ಅಂದರೆ ಅವಳಿಗಿದ್ದ ಒಂದು ದಿನವನ್ನೂ ಕಿತ್ತುಕೊಂಡ ಹಾಗೆ. ಆ ಒಂದು ದಿನವೇ ಬಿಡುಗಡೆ ಅಂದರೆ ಉಳಿದ ದಿನಗಳಿಗೆ ಮೋಸ ಮಾಡಿದ ಹಾಗೆ.

6

ಈಗ ಮನೆಯ ಮಾತು. ಬನಶಂಕರಿ, ಜೆ.ಪಿ. ನಗರದ ಕಡೆಯ ಬಡಾವಣೆಗಳ ಕೆಳಗೆ ಹಳ್ಳಿಗಳಿವೆ. ಸಾರಕ್ಕಿ, ಯಡಿಯೂರು, ಕದಿರೇನಹಳ್ಳಿ. ಬಿ.ಟಿ.ಎಂ. ಅನ್ನುವ ಮೂರು ಇಂಗ್ಲಿಷ್ ಅಕ್ಷರಗಳೊಳಗೆ ಬೈರಸಂದ್ರ, ತಾವರೆಕೆರೆ, ಮಡಿವಾಳ ಅನ್ನುವ ಮೂರು ಊರುಗಳು ಮಡಚಿ ಕೂತಿವೆ. ಅಂಥದೇ ಒಂದು ಊರಿನ ಮಾರಮ್ಮನ ಜಾತ್ರೆಯಲ್ಲಿ ನಮ್ಮಜ್ಜಿ ಬಾಯಿಬೀಗ ಹಾಕಿಸಿಕೊಂಡಿದ್ದಳು. ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಕಂಬಿ ಚುಚ್ಚುವುದು. ಕೆನ್ನೆಯ ಮೇಲೆ ಎಳ್ಳಿನಷ್ಟು ಕಲೆ ಈಗಲೂ ಇದೆ.

ಎಂ.ಎ. ಮಾಡುವಾಗ ನನಗೂ ಆವೇಶ. 'ಅಜ್ಜಿ, ಇದೆಲ್ಲ ಮೂಢನಂಬಿಕೆ ಅಂತ ನಿಂಗೆ ಅನ್ನಿಸ್ಲಿಲ್ವಾ?' ಅಂತ ಕೇಳಿದೆ.

'ನಿಮ್ಮಪ್ಪಂಗೆ ಆರು ವರ್ಷ ಕಣವ್ವ. ಜರ ಬಂದು ಕಣ್ಣು ಮೇಲಕ್ ಹಾಕ್ಬುಟ್ಟಿದ್ದ. ಆಸ್ಪತ್ರೆಗ್ ಎತ್ಕೊಂಡೋದೆ. ಹೊರಗೇ ಕುಂಡ್ರಿಸಿದ್ರು. ದುಡ್ಡಿರೋರು ಒಳಕ್ ಓದ್ರು. ನಾನು ಯಾರ್ನ ಕೇಳ್ಲಿ? ಮಾರಮ್ಮ ಬಯಲಲ್ಲವ್ಳೆ, ಬಾಗ್ಲಿಲ್ಲ. ಅವ್ಳನ್ನೇ ಕೇಳ್ದೆ. ಅವ್ಳು ಉಳಿಸ್ಕೊಟ್ಲು, ನಾನು ಮಾತು ಉಳಿಸ್ಕೊಂಡೆ. ಅಷ್ಟೆಯ.'

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಂದಳು: 'ಆಸ್ಪತ್ರೆಯೋರು ಒಳಿಕ್ ಕರ್ದಿದ್ರೆ ನನ್ ಕೆನ್ನೆ ಯಾಕ್ ತೂತಾಗದು?'

ಇದು ಮುಗ್ಧೆಯ ಮಾತೂ ಅಲ್ಲ, ಮೂಢಳ ಮಾತೂ ಅಲ್ಲ. ಕಾಲೂರಿ ಗುರುತು ಇಟ್ಟುಕೊಂಡ ಕಣ್ಣಪ್ಪನ ಲೆಕ್ಕ ಇದು. ಎಲ್ಲ ಬಾಗಿಲೂ ಮುಚ್ಚಿದ ಮೇಲೆ ಉಳಿದ ಒಂದೇ ನಾಣ್ಯವನ್ನು, ಅಂದರೆ ತನ್ನ ಮೈಯನ್ನು, ಆಕೆ ಬಳಸಿದಳು. ಆದರೆ ಅಜ್ಜಿಯ ಮಾತನ್ನು ನಾನು ಪೂಜೆ ಮಾಡಲಾರೆ. ಅವತ್ತು ಕಂಬಿ ಚುಚ್ಚಿಕೊಂಡು ಮೆರವಣಿಗೆ ಹೋದವಳ ಕೋಳಿಯನ್ನು ಊರಿನವರು ತೆಗೆದುಕೊಂಡರು, ಪ್ರಸಾದವನ್ನು ದೂರದಿಂದ ಹಾಕಿದರು. ಅದನ್ನೂ ಅವಳೇ ಹೇಳಿದ್ದು. ಮಾತಾಡಬೇಕಾದ ಬಾಯಿಗೆ ಆಸ್ಪತ್ರೆಯವರು ಮೊದಲು ಬೀಗ ಹಾಕಿದರು. ಕಬ್ಬಿಣದ ಬೀಗ ಆಮೇಲೆ ಬಂದದ್ದು.

ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆಗೆ ಕರ್ನಾಟಕ 2017ರಲ್ಲಿ ಕಾಯ್ದೆ ಮಾಡಿತು. ಮಡೆಸ್ನಾನದಂಥ ಆಚರಣೆ, ಬೆತ್ತಲೆ ಸೇವೆ, ಬಾಯಿಬೀಗ ಎಲ್ಲ ಅದರ ಪಟ್ಟಿಯಲ್ಲಿವೆ. ಈ ಕಾಯ್ದೆ ಬೇಕು, ನಾನು ಅದರ ಪರವಾಗಿದ್ದೇನೆ. ಆದರೆ ಅದೇ ಕಾಯ್ದೆ ವಾಸ್ತು ಹೇಳುವವರನ್ನೂ ಜ್ಯೋತಿಷಿಗಳನ್ನೂ ಹೊರಗಿಟ್ಟಿತು. ಅಂದರೆ ನಮ್ಮಜ್ಜಿಯ ಕಂಬಿ ದುಷ್ಟ ಪದ್ಧತಿ, ಜಯನಗರದ ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಈಶಾನ್ಯದ ಗೋಡೆ ಒಡೆಸುವವನದು ಶಾಸ್ತ್ರ. ಬನಶಂಕರಿ ಗುಡಿಯಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ಹೋಳಿನಲ್ಲಿ ದೀಪ ಹಚ್ಚಲು ಕಾರಿನಲ್ಲಿ ಬಂದು ಸಾಲು ನಿಲ್ಲುವವರನ್ನು ಯಾರಾದರೂ ಮೂಢರು ಅಂದದ್ದನ್ನು ನಾನು ಕೇಳಿಲ್ಲ. ಅದಕ್ಕೆ 'ನಂಬಿಕೆ' ಅನ್ನುತ್ತಾರೆ. ರಕ್ತ ಬಂದದ್ದು ಮಾತ್ರ ಮೂಢ. ರಕ್ತ ಬರುವುದು ಯಾರಿಗೆ ಅಂತ ಬೇರೆ ಹೇಳಬೇಕಾಗಿಲ್ಲ.

7

ಇತ್ತೀಚೆಗೆ ಹಿಂದಿಯ ಕಡೆಯಿಂದ ಕನ್ನಡಕ್ಕೆ ಇನ್ನೊಂದು ಪದ ಬಂದಿದೆ: ಅಂಧಭಕ್ತ. ರಾಜಕೀಯ ನಾಯಕರನ್ನು ಕುರುಡಾಗಿ ಹಿಂಬಾಲಿಸುವವರನ್ನು ಹಂಗಿಸಲು ನಮ್ಮ ಗೆಳೆಯರೇ ಧಾರಾಳವಾಗಿ ಬಳಸುತ್ತಾರೆ. ನನಗೆ ಇದರ ಬಗ್ಗೆ ಎರಡು ತಕರಾರುಗಳಿವೆ. ಒಂದು, ಕಣ್ಣು ಕಾಣದವರು ಯಾವ ತಪ್ಪೂ ಮಾಡಿಲ್ಲ, ಅವರ ಅಂಗವನ್ನು ಬೈಗುಳ ಮಾಡುವ ಹಕ್ಕು ನಮಗಿಲ್ಲ. ಎರಡು, ಭಕ್ತಿಯಲ್ಲಿ ಕುರುಡಾಗಲು ನಿಜವಾಗಿ ಮುಂದಾದವನು ಕಣ್ಣಪ್ಪ. ಅವನು ಕಿತ್ತುಕೊಟ್ಟದ್ದು ತನ್ನ ಕಣ್ಣು. ಇವತ್ತು ಈ ಹೆಸರಿನಿಂದ ಕರೆಸಿಕೊಳ್ಳುವವರು ತಮ್ಮದನ್ನು ಏನೂ ಕೊಟ್ಟವರಲ್ಲ, ನಾಯಕನಿಗಾಗಿ ಇನ್ನೊಬ್ಬರ ಕಣ್ಣು ಕೇಳುವವರು. ಇಬ್ಬರಿಗೂ ಒಂದೇ ಪದ ಹಾಕಿದರೆ ಬೇಡನಿಗೆ ಅವಮಾನ, ಇವರಿಗೆ ಸನ್ಮಾನ.

ಈ ಬರಹ ನಮ್ಮ ಅಂಗಳಕ್ಕೂ ಬರದೆ ಮುಗಿಯಬಾರದು. 1943ರ ಜನವರಿಯಲ್ಲಿ ಪುಣೆಯಲ್ಲಿ ರಾನಡೆ ಕುರಿತು ಮಾತಾಡುತ್ತಾ ಅಂಬೇಡ್ಕರ್ ವೀರಾರಾಧನೆಯನ್ನು ಎರಡಾಗಿ ಸೀಳಿದರು. ದೊಡ್ಡವರನ್ನು ಕಂಡು ಅಪಾರ ಗೌರವ ಪಡುವುದು ಒಂದು. ಅವರು ಹೇಳಿದ್ದಕ್ಕೆಲ್ಲ ತಲೆಬಾಗುವುದು ಇನ್ನೊಂದು. ಮೊದಲನೆಯದರಲ್ಲಿ ತಪ್ಪಿಲ್ಲ, ಎರಡನೆಯದು ಬಹಳ ಅಪಾಯ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಇದನ್ನೇ ಇನ್ನೂ ಖಾರವಾಗಿ ಹೇಳಿದರು: ಧರ್ಮದಲ್ಲಿ ಭಕ್ತಿ ಆತ್ಮದ ಮುಕ್ತಿಗೆ ದಾರಿಯಾಗಬಹುದು, ರಾಜಕಾರಣದಲ್ಲಿ ಅದು ಅಧಃಪತನಕ್ಕೂ ಸರ್ವಾಧಿಕಾರಕ್ಕೂ ದಾರಿ. ಗಮನಿಸಬೇಕು, ಬಾಬಾಸಾಹೇಬರು ಭಕ್ತಿಗೆ ಮುಗ್ಧ, ಮೂಢ ಅಂತ ವಿಶೇಷಣ ಹಚ್ಚಲಿಲ್ಲ. ಭಕ್ತನ ಬುದ್ಧಿಯನ್ನು ಅಳೆಯಲಿಲ್ಲ. ಅದರಿಂದ ಆಗುವುದೇನು ಅಂತ ಕೇಳಿದರು.

ಏಪ್ರಿಲ್ 14ರಂದು ನಮ್ಮ ಕೇರಿಗಳಲ್ಲಿ ಬಾಬಾಸಾಹೇಬರ ಮೆರವಣಿಗೆ ಹೊರಡುತ್ತದೆ. ತಮಟೆ, ಹೂವಿನ ಪಲ್ಲಕ್ಕಿ, ನೀಲಿ ಬಾವುಟ. ಇದನ್ನು ಕಂಡು 'ನೋಡಿ, ಇವರೂ ಭಕ್ತರಾದರು' ಅಂತ ಕಣ್ಣು ಮಿಟುಕಿಸುವವರಿಗೆ ನಾನು ಹೇಳುವುದಿಷ್ಟು: ಯಾರೂ ತಿರುಗಿ ನಮಸ್ಕಾರ ಹೇಳದ ಜನ ತಮಗೆ ನಮಸ್ಕಾರ ಹೇಳಿದವನನ್ನು ಹೊತ್ತು ಕುಣಿಯುತ್ತಿದ್ದಾರೆ. ಅದು ಅವರು ಹೇಳಿದ ಮೊದಲನೆಯ ಬಗೆ. ಆದರೆ ನಮ್ಮೊಳಗೆ ಮಾತ್ರ ಕೇಳಿಕೊಳ್ಳಬೇಕಾದ ಮಾತೂ ಇದೆ. ಚಳವಳಿ ಒಡೆದು ಬಣಗಳಾದಾಗ ಪ್ರತಿ ಬಣಕ್ಕೂ ಒಬ್ಬ ನಾಯಕ, ಪ್ರತಿ ನಾಯಕನಿಗೂ ಪ್ರಶ್ನೆ ಕೇಳದ ಒಂದು ಗುಂಪು ಬಂತಲ್ಲ, ಅದು ಯಾವ ಬಗೆ? ಬಾಬಾಸಾಹೇಬರ ಪಟಕ್ಕೆ ಹಾರ ಹಾಕಿ ಅವರ ಪುಸ್ತಕ ತೆರೆಯದವರ ಭಕ್ತಿ ಯಾವ ಬಗೆ? ಹರಳಯ್ಯನ ಚಮ್ಮಾಳಿಗೆಯನ್ನು ಬಸವಣ್ಣ ಹಿಂದಿರುಗಿಸಿದ. ಇವತ್ತಿನ ನಾಯಕರು ಮೆಟ್ಟಿಕೊಂಡೇ ಹೋಗುತ್ತಿದ್ದಾರೆ.

ಹಾಗಾಗಿ ದಲಿತ ವಿಮರ್ಶೆ ಭಕ್ತಿಯ ಮುಂದೆ ನಿಂತಾಗ ಈ ವಿಶೇಷಣಗಳನ್ನು ಪಕ್ಕಕ್ಕಿಟ್ಟು ಮೂರು ಪ್ರಶ್ನೆ ಕೇಳಿದರೆ ಸಾಕು ಅಂದುಕೊಂಡಿದ್ದೇನೆ. ಮೈ ಯಾರದು? ಪಾಲು ಯಾರಿಗೆ? ಹೆಸರಿಟ್ಟವರು ಯಾರು? ಕಣ್ಣಪ್ಪನಿಗೂ, ರಾಮಯ್ಯನಿಗೂ, ಚಂದ್ರಗುತ್ತಿಯ ಹೆಂಗಸರಿಗೂ, ನಮ್ಮ ಮೆರವಣಿಗೆಗೂ ಈ ಮೂರೇ ಪ್ರಶ್ನೆ. ಒಬ್ಬರಿಗೆ ರಿಯಾಯಿತಿ, ಒಬ್ಬರಿಗೆ ದಂಡ ಬೇಡ.

ಮುಂದಿನ ವಾರ ಅದೇ ತರಗತಿಗೆ ಹೋದೆ. ಬೋರ್ಡಿನ ಮೇಲೆ ಕಣ್ಣಪ್ಪ ಅಂತ ಬರೆದೆ. ಪಕ್ಕದಲ್ಲಿ ಮುಗ್ಧಭಕ್ತಿ ಅಂತ ಬರೆಯಲಿಲ್ಲ. 'ಅವತ್ತು ನೀನು ಕೇಳಿದ್ದು ಸರಿ. ಅವನು ಲೆಕ್ಕ ಹಾಕಿದ್ದ' ಅಂದೆ. ಹುಡುಗ ಒಂದು ನಿಮಿಷ ಸುಮ್ಮನಿದ್ದು ಕೇಳಿದ:

'ಹಂಗಾದ್ರೆ ಪರೀಕ್ಷೇಲಿ ಏನ್ ಬರೀಬೇಕು ಮೇಡಂ?'

ಇದು ಬರೀ ಅವನ ಪ್ರಶ್ನೆಯಲ್ಲ. ಪ್ರಶ್ನೆಪತ್ರಿಕೆ ತೆಗೆಯುವವರ, ಪಠ್ಯ ಆರಿಸುವವರ, ಅಂಕ ಹಾಕುವವರ ಕುರ್ಚಿಗಳಲ್ಲಿ ನಾವೂ ಬಂದು ಕೂತಿದ್ದೇವೆ. 'ನಿಂಗೆ ಸರಿ ಅನ್ನಿಸಿದ್ದು ಬರಿ, ಕಾರಣ ಕೊಡು. ಅಂಕ ನಾನು ಕೊಡ್ತೀನಿ' ಅಂದೆ. ಅವನ ಉತ್ತರಪತ್ರಿಕೆ ಬೇರೆ ಯಾರ ಕೈಗೋ ಹೋದರೆ? ಆ ಬೇರೆಯವರಿಗಾಗಿಯೇ ಇದನ್ನು ಬರೆದೆ.